ಟ್ರೆಡ್‌ಮಿಲ್ ಬಿಟ್ಟು ಸ್ಕಿಪ್ಪಿಂಗ್ ಹಗ್ಗ ಹಿಡಿದರೆ ನಡೆಯುತ್ತಾ? ಬಳ್ಳಾರಿ ಕಡೆಯವರು ಸ್ವಲ್ಪ ಹೇಳಿ

ಮಾಳಿಗೆಮನೆ (ಬಳ್ಳಾರಿ) – ಸಂಕ್ರಾಂತಿ ಮರುದಿನ

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 38, ತೂಕ 84 ಕೆ.ಜಿ. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಕೂತರೆ ರಾತ್ರಿ ಎಂಟಕ್ಕೆ ಏಳುವ ಕೆಲಸ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಬಾರ್ಡರ್‌ಗೆ ಬಂದಿದೆ ಅಂತ ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆಯಲಿಲ್ಲ. ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ, ಬೆವರು ಸುರಿಸಿ ಬನ್ನಿ ಅಂತ.

ಜಿಮ್ ಸೇರಿದೆ. ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿಸಿಕೊಂಡರು. ಅಲ್ಲಿರುವುದು ಎರಡು ಟ್ರೆಡ್‌ಮಿಲ್. ಒಂದು ಕೆಟ್ಟು ಎರಡು ತಿಂಗಳಾಯಿತಂತೆ, ಪಾರ್ಟ್ ಬರಬೇಕು ಅನ್ನುತ್ತಲೇ ಇದ್ದಾರೆ. ಇನ್ನೊಂದರ ಮುಂದೆ ಸಂಜೆ ಪಾಳಿ ಹಚ್ಚಿ ನಿಲ್ಲಬೇಕು. ನನ್ನ ಪಾಳಿ ಬರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಮೂರು ವಾರದಲ್ಲಿ ನಾನು ಆ ಬೆಲ್ಟ್ ಮೇಲೆ ನಡೆದಿದ್ದು ಒಟ್ಟು ಒಂದೂವರೆ ತಾಸು ಇರಬಹುದು.

ಮೊನ್ನೆ ಸಿಟ್ಟು ಬಂದು ಮಗಳ ಸ್ಕಿಪ್ಪಿಂಗ್ ಹಗ್ಗ ತಗೊಂಡು ಮಾಳಿಗೆ ಹತ್ತಿದೆ. ಅವಳು ಐದನೇ ಕ್ಲಾಸು, ನಿಲ್ಲಿಸದೆ ಇನ್ನೂರು ಹಾಕುತ್ತಾಳೆ. ನಾನು 23ಕ್ಕೆ ಹಗ್ಗ ಕಾಲಿಗೆ ಸಿಕ್ಕಿಸಿಕೊಂಡೆ. ಮತ್ತೆ ಶುರು ಮಾಡಿದೆ, 17. ಎರಡು ನಿಮಿಷಕ್ಕೆ ಎದೆ ಬಾಯಿಗೆ ಬಂತು. ಮರುದಿನ ಮೀನಖಂಡ ಎಷ್ಟು ನೋಯುತ್ತಿತ್ತು ಅಂದರೆ ಮೆಟ್ಟಿಲನ್ನು ಏಡಿ ಥರ ಅಡ್ಡಡ್ಡ ಇಳಿದೆ. ಕೆಳಗಿನ ಮನೆಯ ಅಜ್ಜಿ ಬೇರೆ, ಮ್ಯಾಲೆ ಏನ್ ಕುಟ್ಟಾಕತ್ತೀರಿ ಅಂತ ಕೇಳಿದರು.

ಈಗ ಪ್ರಶ್ನೆ. ಹತ್ತು ನಿಮಿಷ ಹಗ್ಗ ಜಿಗಿದರೆ ಅರ್ಧ ಗಂಟೆ ಓಡಿದಷ್ಟು ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದು ನಿಜಾನಾ? ನಿಜ ಆದರೆ ಜಿಮ್ ದುಡ್ಡು ಹೋದರೆ ಹೋಗಲಿ ಅಂತ ಬಿಟ್ಟುಬಿಡುತ್ತೇನೆ. ಈ ತೂಕಕ್ಕೆ ಮೊಣಕಾಲು ತಡೆಯುತ್ತಾ ಅನ್ನೋದು ಇನ್ನೊಂದು ಚಿಂತೆ.


ರಾಯಚೂರು ಬಿಸಿಲು

ಕರೆಂಟಿನ ಮಾತು ನಮ್ಮ ಮುಂದೆ ಆಡಬೇಡಿ ಅಣ್ಣ. ಶಕ್ತಿನಗರದ ಕರೆಂಟ್ ಸ್ಥಾವರದ ಚಿಮಣಿ ಹೊಗೆ ನೋಡಿಕೊಂಡೇ ನಾವು ಬೀಸಣಿಗೆ ಬೀಸಿಕೊಂಡಿದ್ದೀವಿ.


ಪಿ.ಟಿ. ಮಾಸ್ತರ್ (ನಿವೃತ್ತ, ಬಳ್ಳಾರಿ)

ಮೊದಲ ತಪ್ಪು ಹಗ್ಗದ್ದು. ಮಗಳ ಹಗ್ಗ ನಿಮಗೆ ಗಿಡ್ಡ. ಹಗ್ಗದ ನಡುಮಧ್ಯ ಒಂದು ಕಾಲಲ್ಲಿ ತುಳಿದು ನಿಂತು ಎರಡೂ ಹಿಡಿ ಮೇಲಕ್ಕೆ ಎಳೆಯಿರಿ. ಹಿಡಿಯ ತುದಿ ಕಂಕುಳ ಹತ್ತಿರ ಬರಬೇಕು. ಎದೆಯ ಅರ್ಧಕ್ಕೇ ನಿಂತರೆ ಗಿಡ್ಡ, ಹೆಗಲು ದಾಟಿದರೆ ಉದ್ದ. ಉದ್ದ ಆದರೆ ಹಿಡಿಯ ಹತ್ತಿರ ಒಂದು ಗಂಟು ಹಾಕಿಕೊಂಡರೆ ಸಾಕು. ಗಿಡ್ಡ ಹಗ್ಗಕ್ಕೆ ಔಷಧ ಇಲ್ಲ. ನೀವು ಬಗ್ಗಿ, ಮೊಣಕಾಲು ಎದೆಗೆ ಎಳೆದು ಕಪ್ಪೆ ಥರ ಜಿಗಿಯುತ್ತೀರಿ. ಅಜ್ಜಿಗೆ ಕೇಳಿಸಿದ್ದು ಅದೇ ಸದ್ದು.

ಎರಡನೇ ತಪ್ಪು ನಿಮ್ಮದು. ದೊಡ್ಡವರೆಲ್ಲ ಭುಜದಿಂದ ತಿರುಗಿಸುತ್ತಾರೆ, ಬಾವಿಯಿಂದ ನೀರು ಸೇದುವ ಹಾಗೆ. ಮೊಣಕೈ ಪಕ್ಕೆಗೆ ಅಂಟಿರಲಿ. ತಿರುಗಬೇಕಾದ್ದು ಮಣಿಕಟ್ಟು ಮಾತ್ರ. ನೆಲದಿಂದ ಒಂದು ಬೆರಳು, ಹೆಚ್ಚೆಂದರೆ ಎರಡು ಬೆರಳಗಲ ಮೇಲೆದ್ದರೆ ಸಾಕು, ಹಗ್ಗ ಅಷ್ಟೇ ದಪ್ಪ ಇರುವುದು. ಇಳಿಯುವಾಗ ಮುಂಗಾಲ ಮೇಲೆ ಇಳಿಯಿರಿ, ಹಿಮ್ಮಡಿ ನೆಲಕ್ಕೆ ಬಡಿಯಬಾರದು. ಮೊಣಕಾಲು ಕೋಲಿನ ಹಾಗೆ ನೆಟ್ಟಗಿರದೆ ತುಸು ಸಡಿಲ ಇರಲಿ.

ಮೊದಲ ನಾಲ್ಕು ದಿನ ಹಗ್ಗ ದಾಟುವುದೇ ಬೇಡ. ಎರಡೂ ಹಿಡಿ ಒಂದೇ ಕೈಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸುತ್ತಾ, ಅದು ನೆಲಕ್ಕೆ ತಾಗಿದ ಟಪ್ ಸದ್ದಿಗೆ ಸಣ್ಣಗೆ ಜಿಗಿಯಿರಿ. ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಹೀಗೇ ಕಲಿಸಿದ್ದೇನೆ. ಕಾಲಿಗಿಂತ ಮೊದಲು ಕಿವಿ ಕಲಿಯುತ್ತದೆ.


ಹೊಲದ ಹಾದಿ (ಸಿರುಗುಪ್ಪ)

ಅಂಗಡಿ ಹಗ್ಗ ಯಾಕೆ? ನಮ್ಮಲ್ಲಿ ಪುಂಡಿ ನಾರಿನ ಹಗ್ಗ ಇದೆ, ಬೇಕಾದರೆ ಕಳಿಸಿಕೊಡ್ತೀನಿ.


ಪಿ.ಟಿ. ಮಾಸ್ತರ್ (ನಿವೃತ್ತ, ಬಳ್ಳಾರಿ)

ನಾನು ಕಲಿತಿದ್ದೂ ಅದರಲ್ಲೇ. ಆದರೆ ನಾರಿನ ಹಗ್ಗ ತಿರುಗುವಾಗ ಹಿಡಿಯಲ್ಲಿ ಹೊರಳುವುದಿಲ್ಲ, ಹುರಿ ಏರಿ ಸುತ್ತಿಕೊಳ್ಳುತ್ತದೆ. ಬೆವರು ಕೈಗೆ ಅಂಗೈ ಬೊಬ್ಬೆ ಏಳುತ್ತದೆ. ಹಾಗಂತ ಕುಸ್ತಿಯವರ ಥರ ತೆಳ್ಳನೆ ಉಕ್ಕಿನ ತಂತಿ ಹಗ್ಗವನ್ನೂ ಈಗ ತರಬೇಡಿ. ಅದು ಎಲ್ಲಿದೆ ಅಂತ ಕೈಗೆ ಗೊತ್ತೇ ಆಗುವುದಿಲ್ಲ, ಕಾಲಿಗೆ ಬಿದ್ದಾಗ ಬರೆ ಎಳೆದ ಹಾಗೆ ಆಗುತ್ತದೆ. ಪ್ಲಾಸ್ಟಿಕ್ ಮಣಿ ಪೋಣಿಸಿದ ಹಗ್ಗ ಸಿಕ್ಕರೆ ಅದು ಒಳ್ಳೆಯದು. ಇಲ್ಲದಿದ್ದರೆ ಸ್ವಲ್ಪ ದಪ್ಪನೆಯ ಪಿವಿಸಿ ಹಗ್ಗ. ತೂಕ ಇದ್ದರೆ ನಿಧಾನವಾಗಿ ತಿರುಗಿಸಿದರೂ ಕಮಾನು ಬಿಡುವುದಿಲ್ಲ.

ತಿದ್ದುಪಡಿ: ಕುಸ್ತಿ ಅಂತ ಬರೆದೆ, ಬಾಕ್ಸಿಂಗ್ ಅಂತ ಓದಿಕೊಳ್ಳಿ.


ಕಾಗದ ಪೆನ್ನು (ಸಂಡೂರು)

ಹತ್ತು ನಿಮಿಷ ಅಂದರೆ ಅರ್ಧ ಗಂಟೆ ಅನ್ನೋ ಮಾತಿಗೆ ಬರೋಣ. ಇದು ವಾಟ್ಸಾಪ್‌ನವರು ಹುಟ್ಟಿಸಿದ್ದಲ್ಲ. ಹುಟ್ಟಿದ್ದು 1968ರಲ್ಲಿ. ಜಾನ್ ಬೇಕರ್ ಅನ್ನೋ ಅಮೆರಿಕದ ಸಂಶೋಧಕ ಕಾಲೇಜು ಹುಡುಗರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ 10 ನಿಮಿಷ ಹಗ್ಗ, ಇನ್ನೊಂದು 30 ನಿಮಿಷ ಜಾಗಿಂಗ್, ಆರು ವಾರ. ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿತ್ತು. ಆದರೆ ಅಳೆದಿದ್ದು ಏನು? ಸ್ಟೆಪ್ ಟೆಸ್ಟ್. ಒಂದು ಬೆಂಚು ಹತ್ತಿ ಇಳಿಸಿ, ಆಮೇಲೆ ನಾಡಿ ಎಷ್ಟು ಬೇಗ ತಣ್ಣಗಾಗುತ್ತೆ ಅಂತ ನೋಡುವ ಪರೀಕ್ಷೆ. ಸುಟ್ಟ ಕ್ಯಾಲರಿ ಅಲ್ಲ, ಕರಗಿದ ಹೊಟ್ಟೆಯೂ ಅಲ್ಲ. ಹುಡುಗರು ಕಾಲೇಜಿನವರು, ನಾವು ನೀವು ಅಲ್ಲ.

ಕ್ಯಾಲರಿ ಲೆಕ್ಕ ಬೇಕಾದರೆ ಬೇರೆ ದಾರಿ ಇದೆ. ಸುಮ್ನೆ ಕೂತಾಗ ದೇಹ ಖರ್ಚು ಮಾಡುವುದನ್ನು 1 ಅಂತ ಇಟ್ಟುಕೊಂಡು, ಯಾವ ಕೆಲಸಕ್ಕೆ ಅದರ ಎಷ್ಟು ಪಟ್ಟು ಬೇಕು ಅಂತ ಸಂಶೋಧಕರು ಒಂದು ಪಟ್ಟಿ ಮಾಡಿದ್ದಾರೆ. ಈ ಅಳತೆಗೆ ಮೆಟ್ ಅಂತ ಹೆಸರು. 2011ರ ಪಟ್ಟಿ ಪ್ರಕಾರ ಗಂಟೆಗೆ ಐದೂವರೆ ಕಿಲೋಮೀಟರ್ ಬಿರುಸು ನಡಿಗೆ 4.3. ಜಿಮ್‌ನ ಎಲಿಪ್ಟಿಕಲ್ ಮಷೀನು ಹದವಾಗಿ ತುಳಿದರೆ 5. ಗಂಟೆಗೆ ಹತ್ತು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ವೇಗದ ಓಟ 9.8. ಹಗ್ಗ ನಿಧಾನಕ್ಕೆ, ಅಂದರೆ ನಿಮಿಷಕ್ಕೆ ನೂರಕ್ಕಿಂತ ಕಡಿಮೆ ಜಿಗಿದರೆ 8.8. ನೂರರಿಂದ ನೂರಿಪ್ಪತ್ತು ಜಿಗಿದರೆ 11.8.

ನಿಮ್ಮ 84 ಕೆ.ಜಿ.ಗೆ ಆ ಅಂಕಿಯನ್ನು 1.4ರಿಂದ ಗುಣಿಸಿದರೆ ನಿಮಿಷದ ಕ್ಯಾಲರಿ ಬರುತ್ತದೆ. ಹದವಾದ ಹಗ್ಗ ನಿಮಿಷಕ್ಕೆ ಸುಮಾರು 16.5, ಹತ್ತು ನಿಮಿಷಕ್ಕೆ 165. ಓಟ ನಿಮಿಷಕ್ಕೆ 13.7, ಅರ್ಧ ಗಂಟೆಗೆ 411. ಅಂದರೆ ಹತ್ತು ನಿಮಿಷದ ಹಗ್ಗ ಹನ್ನೆರಡು ನಿಮಿಷದ ಓಟಕ್ಕೆ ಸಮ. ಮೂವತ್ತು ಎಲ್ಲಿ, ಹನ್ನೆರಡು ಎಲ್ಲಿ.

ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ ಅಂಕಿ. ಆ 8.8 ನೋಡಿ. ಹಗ್ಗದಲ್ಲಿ ಅದೇ ಅತಿ ನಿಧಾನ. ಟ್ರೆಡ್‌ಮಿಲ್ ಆದರೆ ಬಟನ್ ಒತ್ತಿ ಮೂರು ಕಿಲೋಮೀಟರ್ ವೇಗಕ್ಕೆ ಇಳಿಸಬಹುದು, ಫೋನ್ ನೋಡುತ್ತಾ ನಡೆಯಬಹುದು. ಹಗ್ಗವನ್ನು ನಿಧಾನ ಮಾಡಲು ಹೋದರೆ ಅದು ತಲೆ ಮೇಲೆ ಬರುವುದೇ ಇಲ್ಲ, ಹಿಂದೆಯೇ ಜೋಲು ಬೀಳುತ್ತದೆ. ಗಾಡಿಗೆ ಫಸ್ಟ್ ಗೇರು ಸೆಕೆಂಡ್ ಗೇರು ಇಲ್ಲ, ಸೀದಾ ಥರ್ಡ್‌ನಲ್ಲೇ ಎತ್ತಬೇಕು. ಅದಕ್ಕೇ ಇಂಜಿನ್ ಆಫ್ ಆಗುತ್ತದೆ. ನಿಮಗೆ ಎರಡು ನಿಮಿಷಕ್ಕೆ ಎದೆ ಬಾಯಿಗೆ ಬಂದಿದ್ದು ನೀವು ಸೋಮಾರಿ ಅಂತಲ್ಲ.


ಮಾಳಿಗೆಮನೆ (ಬಳ್ಳಾರಿ)

ಸರ್, ಈ ಗೇರಿನ ಮಾತು ಓದಿ ಸಮಾಧಾನ ಆಯಿತು. ಮನೆಯಾಕೆಗೂ ಓದಿ ಹೇಳಿದೆ. ಸೋಮಾರಿ ಅಲ್ಲ ಅನ್ನೋ ಭಾಗ ಅವಳು ಒಪ್ಪಲಿಲ್ಲ.

ಹಾಗಾದರೆ ಥರ್ಡ್ ಗೇರಲ್ಲಿ ಎತ್ತುವುದು ಹೇಗೆ?


ಕಾಗದ ಪೆನ್ನು (ಸಂಡೂರು)

ಕತ್ತರಿಸಿ ಕತ್ತರಿಸಿ ಮಾಡಿ. 20 ಸೆಕೆಂಡ್ ಜಿಗಿತ, 40 ಸೆಕೆಂಡ್ ಮಾಳಿಗೆ ಮೇಲೆ ಸುಮ್ನೆ ಓಡಾಟ. ಹತ್ತು ಸಲ. ಎರಡು ವಾರ ಆದಮೇಲೆ 30 ಸೆಕೆಂಡ್ ಜಿಗಿತ, 30 ಸೆಕೆಂಡ್ ಓಡಾಟ. ಓಡಾಡುವಾಗ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವಿರಾಮ ಉದ್ದ ಮಾಡಿ. ನಾಡಿ ನೋಡುವ ವಾಚು ಗೀಚು ಬೇಕಿಲ್ಲ.

ಇನ್ನೊಂದು ಕಹಿ ಸತ್ಯ ಹೇಳಿಬಿಡುತ್ತೇನೆ. ಹೀಗೆ ಅರ್ಧ ಜಿಗಿತ ಅರ್ಧ ವಿರಾಮದ 20 ನಿಮಿಷದಲ್ಲಿ ಜಿಗಿತದ ಪಾಲು ನಿಮ್ಮ ಲೆಕ್ಕದಲ್ಲಿ ಸುಮಾರು 165 ಕ್ಯಾಲರಿ. ಬಿರುಸಾಗಿ 40 ನಿಮಿಷ ನಡೆದರೆ 240. ಶುರುವಿನಲ್ಲಿ ತೂಕ ಇಳಿಸಲು ನಡಿಗೆಯೇ ಮೇಲು. ಹಗ್ಗದ ಲಾಭ ಟೈಮಿನದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಾರಕ್ಕೆ 150 ನಿಮಿಷ ಹದವಾದ ವ್ಯಾಯಾಮ ಅಥವಾ 75 ನಿಮಿಷ ಜೋರಾದ ವ್ಯಾಯಾಮ ಸಾಕು, ಕನಿಷ್ಠ ಅಷ್ಟು. ಹಗ್ಗ ಜೋರಿನ ಖಾತೆಗೆ ಜಮಾ ಆಗುತ್ತದೆ, ಅಂದರೆ ಒಂದು ನಿಮಿಷಕ್ಕೆ ಎರಡು ನಿಮಿಷದ ಕಿಮ್ಮತ್ತು. ಲೆಕ್ಕ ಬರೆಯುವವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?


ಗಂಗಾವತಿ ಗಾಳಿ

ಇಷ್ಟೆಲ್ಲಾ ಲೆಕ್ಕ ಯಾಕೆ ಬೇಕು ಸಾರ್? ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ವಾರಕ್ಕೆ ಎರಡು ಸಲ ಹತ್ತಿ ಇಳಿದರೆ ಹನುಮಪ್ಪನ ದರ್ಶನವೂ ಆಯಿತು, ಕಾರ್ಡಿಯೋವೂ ಆಯಿತು.


ರಾಯಚೂರು ಬಿಸಿಲು

ಇಳಿಯುವಾಗ ಕೋತಿ ನಿಮ್ಮ ಬಾಳೆಹಣ್ಣು ಕಿತ್ಕೊಂಡು ಓಡುತ್ತೆ, ಅದನ್ನ ಅಟ್ಟಿಸಿಕೊಂಡು ಹೋದರೆ ಅದು ಜೋರಿನ ಖಾತೆಗೆ.


ಕೀಲುಮೂಳೆ (ಫಿಜಿಯೋಥೆರಪಿ, ಬಳ್ಳಾರಿ)

ಮೊಣಕಾಲಿನ ಪ್ರಶ್ನೆ ಯಾರೂ ಮುಟ್ಟಲಿಲ್ಲ, ನಾನು ಬರೆಯುತ್ತೇನೆ.

ಸಣ್ಣಗೆ ಜಿಗಿದರೆ ಮೊಣಕಾಲಿಗೆ ಅಂಥ ಹೊಡೆತ ಬೀಳುವುದಿಲ್ಲ. ನನ್ನ ಹತ್ತಿರ ಹಗ್ಗದಿಂದ ನೋವು ಮಾಡಿಕೊಂಡು ಬರುವವರಲ್ಲಿ ಜಾಸ್ತಿ ಜನರಿಗೆ ಮೊಣಕಾಲಿನ ಕೆಳಗೆ ತೊಂದರೆ. ಮೀನಖಂಡ, ಹಿಮ್ಮಡಿಯ ಹಿಂದಿನ ನರದಂಥ ದಪ್ಪ ಪಟ್ಟಿ, ಮೊಣಕಾಲಿನ ಕೆಳಗೆ ಮುಂದಿರುವ ಉದ್ದ ಎಲುಬು, ಅಂಗಾಲು. ಉಸಿರು ಎರಡು ವಾರದಲ್ಲಿ ಸುಧಾರಿಸುತ್ತದೆ. ಈ ಪಟ್ಟಿಗಳು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಎಡವಟ್ಟು ಆಗುವುದು ಇಲ್ಲೇ. ಮೂರನೇ ವಾರಕ್ಕೆ ಉಸಿರು ಸಾಕಾಗುತ್ತೆ, ಜನ ಹುರುಪಿನಲ್ಲಿ ದಿನಾ ಸಾವಿರ ಹಾಕುತ್ತಾರೆ, ನಾಲ್ಕನೇ ವಾರಕ್ಕೆ ಕುಂಟುತ್ತಾ ಬರುತ್ತಾರೆ.

ಹಾಗಾಗಿ ದಿನ ಬಿಟ್ಟು ದಿನ ಮಾಡಿ. ಶುರು ಮಾಡುವ ಮೊದಲು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ ನೋಡಿ. ಒಂದೊಂದು ಕಾಲಲ್ಲೂ 15–20 ಸಲ ಆರಾಮಾಗಿ ಆಗದಿದ್ದರೆ ಇನ್ನೂ ಎರಡು ಮೂರು ವಾರ ಅದನ್ನೇ ಮಾಡಿ, ಹಗ್ಗ ಗೂಟಕ್ಕೆ ನೇತುಹಾಕಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿ ಮುಳ್ಳು ಚುಚ್ಚಿದ ಹಾಗೆ ಆದರೆ ಅಂಗಾಲಿನ ಪಟ್ಟಿ ಊದಿಕೊಂಡಿದೆ ಅಂತ. ಮೊಣಕಾಲಿನ ಕೆಳಗಿನ ಆ ಎಲುಬಿನ ಉದ್ದಕ್ಕೂ ಸಣ್ಣಗೆ ನೋವು ಬಂದರೆ ಕೆಲವು ದಿನ ಬಿಡಿ. ಆದರೆ ಒಂದೇ ಜಾಗದಲ್ಲಿ, ಬೆರಳಿಟ್ಟು ಇಲ್ಲೇ ಅಂತ ತೋರಿಸುವ ಹಾಗೆ ನೋವಿದ್ದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಆಗ ಸುಮ್ನೆ ಮುಲಾಮು ತಿಕ್ಕುತ್ತಾ ಕೂರಬೇಡಿ, ತೋರಿಸಿ.

ಜಾಗದ ವಿಷಯ. ನಮ್ಮ ಕಡೆ ಮಾಳಿಗೆ ಸಿಮೆಂಟು, ಅಂಗಳ ಕಡಪ ಕಲ್ಲು. ಎರಡೂ ಕಲ್ಲೇ. ರಬ್ಬರ್ ಮ್ಯಾಟ್ ಹಾಸಿಕೊಳ್ಳಿ, ಅಜ್ಜಿಗೂ ನಿದ್ದೆ ಬರುತ್ತೆ. ಮಣ್ಣಿನ ಮೈದಾನ ಇನ್ನೂ ಚೆನ್ನ. ಮೆತ್ತನೆಯ ಹಾಸಿಗೆ ಮೇಲೆ ಮಾತ್ರ ಬೇಡ, ಕಾಲಿನ ಗಂಟು ತಿರುಚಿಕೊಳ್ಳುತ್ತದೆ. ಬರಿಗಾಲಲ್ಲಿ ಜಿಗಿಯುವುದನ್ನು ಆಮೇಲೆ ನೋಡೋಣ, ಈಗ ಬೂಟು ಹಾಕಿ.

ಶುಗರ್ ಹಳೆಯದಾಗಿ ಅಂಗಾಲು ಜೋಮು ಹಿಡಿಯುವವರು, ಬಿಪಿ ಹಿಡಿತಕ್ಕೆ ಬಾರದವರು, ಎದೆ ನೋವಿನ ಇತಿಹಾಸ ಇರುವವರು ಇದನ್ನು ಓದಿ ಮಾಳಿಗೆ ಹತ್ತಬೇಡಿ. ಡಾಕ್ಟರನ್ನು ಕೇಳಿ. ಇನ್ಸುಲಿನ್ ತಗೊಳ್ಳುವವರಿಗೆ ಜೋರು ವ್ಯಾಯಾಮದಲ್ಲಿ ಶುಗರ್ ದಿಢೀರ್ ಇಳಿಯಬಹುದು.


ಎಸ್.ಎನ್. ಪೇಟೆ ಅಕ್ಕ (ಬಳ್ಳಾರಿ)

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೆಸರು ಇಲ್ಲವಲ್ಲ, ಬರೆಯುತ್ತೇನೆ.

ನನಗೆ 41. ಎರಡು ಹೆರಿಗೆ. ಟಿವಿಯಲ್ಲಿ ನೋಡಿ ಹಗ್ಗ ತಂದೆ. ಮಾಳಿಗೆಗೆ ಹೋಗುವಂತಿಲ್ಲ, ಸುತ್ತ ನಾಲ್ಕು ಮನೆಯವರಿಗೆ ಅದೇ ಸಿನಿಮಾ. ಹಾಲ್‌ನಲ್ಲಿ ಮಾಡಿದೆ, ಫ್ಯಾನಿಗೆ ಹಗ್ಗ ಸುತ್ತಿಕೊಂಡು ಅದರ ರೆಕ್ಕೆ ಬಾಗಿತು. ಅದು ಹೋಗಲಿ. ಹತ್ತು ಸಲ ಜಿಗಿದ ಕೂಡಲೇ ಮೂತ್ರ ಹನಿ ಬಂತು. ಮರುದಿನವೂ ಅಷ್ಟೇ. ನನಗೆ ಏನೋ ದೊಡ್ಡ ರೋಗ ಅಂತ ಹೆದರಿ ಹಗ್ಗ ಒಳಗಿಟ್ಟೆ. ಯಾರಿಗೆ ಹೇಳುವುದು? ಒಂದು ವರ್ಷ ಯಾರಿಗೂ ಹೇಳಲಿಲ್ಲ. ಆಮೇಲೆ ಒಂದು ಮದುವೆಮನೆಯಲ್ಲಿ ಅತ್ತಿಗೆ, ನಾದಿನಿ ಎಲ್ಲ ಸೇರಿ ಮಾತಾಡುವಾಗ ಗೊತ್ತಾಯಿತು, ಐದು ಜನರಲ್ಲಿ ಮೂವರಿಗೆ ಇದೇ ಕಥೆ. ಕೆಮ್ಮಿದರೂ ಅಷ್ಟೇ, ಸೀನಿದರೂ ಅಷ್ಟೇ. ಎಲ್ಲರೂ ತಮಗೊಬ್ಬರಿಗೇ ಅಂದುಕೊಂಡಿದ್ದರು.

ಲೇಡಿ ಡಾಕ್ಟರ್ ಹತ್ತಿರ ಹೋದೆ. ಹೆರಿಗೆಯಲ್ಲಿ ಕೆಳಗಿನ ಸ್ನಾಯು ಸಡಿಲ ಆಗಿರುತ್ತೆ, ಅದನ್ನು ಮೊದಲು ಗಟ್ಟಿ ಮಾಡಿ ಅಂದರು. ಮೂತ್ರ ತಡೆಹಿಡಿಯುವಾಗ ಯಾವುದು ಬಿಗಿಯಾಗುತ್ತೋ ಅದನ್ನು ಬಿಗಿ ಹಿಡಿದು ಕೆಲವು ಸೆಕೆಂಡ್ ನಿಲ್ಲಿಸಿ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿ ಮಾಡಬಾರದು, ಉಸಿರು ಹಿಡಿಯಬಾರದು. ಮೂತ್ರ ಮಾಡುವಾಗಲೇ ಇದನ್ನು ಅಭ್ಯಾಸ ಮಾಡಬಾರದು ಅಂತಲೂ ಹೇಳಿದರು. ರೊಟ್ಟಿ ಬಡಿಯುತ್ತಾ ಮಾಡಿದೆ, ಯಾರಿಗೆ ಗೊತ್ತಾಗುತ್ತೆ? ಮೂರು ತಿಂಗಳು ಹಿಡಿಯಿತು. ಈಗ ಮುನ್ನೂರು ಹಾಕುತ್ತೇನೆ. ಮೊದಲು ಬಾತ್‌ರೂಮಿಗೆ ಹೋಗಿ ಬಂದು ಆಮೇಲೆ ಹಗ್ಗ.

ಗಂಡಸರಿಗೆ ಜಿಮ್ ಬೇಕಾ ಹಗ್ಗ ಬೇಕಾ ಅನ್ನೋದು ಪ್ರಶ್ನೆ. ನಮಗೆ ಮೊದಲು ಜಾಗ ಬೇಕು, ಅರ್ಧ ತಾಸು ಯಾರೂ ಕರೆಯದೆ ಇರಬೇಕು, ಆಮೇಲೆ ಇದು. ನೈಟಿ ಹಾಕಿಕೊಂಡು ಮಾತ್ರ ಜಿಗಿಯಬೇಡಿ ತಾಯಂದಿರೇ, ಹಗ್ಗ ನೆರಿಗೆಗೆ ಸಿಕ್ಕು ನಾನು ಬಿದ್ದಿದ್ದೇನೆ. ಎದೆಗೆ ಸರಿಯಾದ ಬಿಗಿ ಒಳಉಡುಪು ಹಾಕಿಕೊಳ್ಳಿ.


ಕೀಲುಮೂಳೆ (ಫಿಜಿಯೋಥೆರಪಿ, ಬಳ್ಳಾರಿ)

ಅಕ್ಕಾ, ನಾನು ಬರೆಯಬೇಕಿದ್ದದ್ದನ್ನು ನೀವು ಬರೆದಿರಿ. ಸೇರಿಸುವುದು ಒಂದೇ ಮಾತು. ಕೆಳಗೆ ಭಾರ ಬಿದ್ದ ಹಾಗೆ, ಏನೋ ಜಾರಿ ಬಂದ ಹಾಗೆ ಅನ್ನಿಸಿದರೆ ಜಿಗಿತ ನಿಲ್ಲಿಸಿ ತೋರಿಸಿಕೊಳ್ಳಿ.


ಶಿಫ್ಟ್ ಬಿ (ತೋರಣಗಲ್ಲು)

ಟೌನ್‌ಶಿಪ್‌ನಲ್ಲಿದ್ದೇನೆ. ಇಲ್ಲೇ ಪಕ್ಕದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತಲ್ಲ, ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್ ಎಲ್ಲ ಇದೆ. ಬಾಕ್ಸರ್‌ಗಳು ಹಗ್ಗ ಹಿಡಿಯುವುದು ಬರೀ ದಮ್ಮಿಗೆ ಅಲ್ಲ. ರಿಂಗ್‌ನಲ್ಲಿ ಹಿಮ್ಮಡಿ ಊರದೆ ಮುಂಗಾಲ ಮೇಲೆ ಇರಬೇಕು, ಕಾಲು ಕೈ ಒಂದೇ ತಾಳಕ್ಕೆ ಬರಬೇಕು. ಅದಕ್ಕೆ ಹಗ್ಗ. ಪಂದ್ಯದ ಒಂದೊಂದು ರೌಂಡ್ ಹೇಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿಯೋ ಹಾಗೇ ಹಗ್ಗವನ್ನೂ ಮೂರು ನಿಮಿಷ ಜಿಗಿದು ಒಂದು ನಿಮಿಷ ನಿಲ್ಲುತ್ತಾರೆ. ನಾನು ಒಂದು ವರ್ಷ ಆದಮೇಲೆ ಮೂರು ನಿಮಿಷಕ್ಕೆ ಬಂದೆ. ಅಣ್ಣ, ನೀವು ರೀಲ್ಸ್ ನೋಡಿ ಎರಡು ಸುತ್ತಿಗೆ ಒಂದು ಜಿಗಿತ ಎಲ್ಲ ಪ್ರಯತ್ನ ಮಾಡಬೇಡಿ. ಒಂದೇ ಕಾಲ್ಚಳಕ ಕಲಿಯಿರಿ: ಇದ್ದಲ್ಲೇ ಓಡುವ ಹಾಗೆ ಒಂದೊಂದೇ ಕಾಲು ಬದಲಿಸುತ್ತಾ ಜಿಗಿಯುವುದು. ಮೀನಖಂಡಕ್ಕೆ ಅರ್ಧ ಪುರುಸೊತ್ತು ಸಿಗುತ್ತೆ.

ನೈಟ್ ಶಿಫ್ಟ್ ಮುಗಿಸಿ ಬಂದ ದಿನ ನಾನು ಹಗ್ಗ ಮುಟ್ಟುವುದಿಲ್ಲ. ನಿದ್ದೆ ಇಲ್ಲದ ಕಾಲು ಎಲ್ಲೆಂದರಲ್ಲಿ ಇಳಿಯುತ್ತೆ.


ಕಬ್ಬಿಣ ಎತ್ತುವವ (ಕೊಪ್ಪಳ)

ಎಲ್ಲರೂ ಸೇರಿ ಜಿಮ್‌ಗೆ ಬೆಂಕಿ ಹಚ್ಚಿದಿರಿ. ಜಿಮ್ ಅಂದರೆ ಟ್ರೆಡ್‌ಮಿಲ್ ಒಂದೇನಾ? ಅಣ್ಣನಿಗೆ ಶುಗರ್ ಬಾರ್ಡರ್. ತಿಂದ ಸಕ್ಕರೆಯನ್ನು ಜಾಸ್ತಿ ಹೀರಿಕೊಳ್ಳುವುದು ಸ್ನಾಯು. ಸ್ನಾಯು ಗಟ್ಟಿಯಾಗಬೇಕಾದರೆ ಭಾರ ಎತ್ತಬೇಕು. ಕಾಗದ ಪೆನ್ನು ಸರ್ ಹೇಳಿದ ಅದೇ 2020ರ ಸೂಚನೆಯಲ್ಲಿ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಇದೆ, ಅದನ್ನು ಅವರು ನುಂಗಿಬಿಟ್ಟರು. ಆರು ತಿಂಗಳ ದುಡ್ಡು ಕಟ್ಟಿದ್ದೀರಿ. ಟ್ರೆಡ್‌ಮಿಲ್ ಕಡೆ ತಿರುಗಿ ನೋಡಬೇಡಿ, ಪಾಳಿಯೂ ಬೇಡ. ಡಂಬೆಲ್ಸ್ ಹತ್ತಿರ ಹೋಗಿ, ಅದಕ್ಕೆ ಕರೆಂಟ್ ಬೇಕಿಲ್ಲ.

ಇನ್ನೊಂದು ಮಾತು. 110 ಕೆ.ಜಿ. ಇರುವ ನನ್ನ ಗೆಳೆಯನಿಗೆ ಹಗ್ಗ ಹಿಡಿಸಿದ್ದರು, ವಾರದಲ್ಲಿ ಪಾದ ಊದಿತು. ಅವನಿಗೆ ಜಿಮ್ ಸೈಕಲ್ಲೇ ಸರಿಹೋಯಿತು. ಕೂತು ತುಳಿಯುವುದರಿಂದ ಮೈಭಾರ ಕಾಲಿನ ಮೇಲೆ ಬೀಳುವುದಿಲ್ಲ. ಮಷೀನುಗಳನ್ನು ಬೈಯುವ ಮುಂಚೆ ಅವು ಯಾರಿಗೆ ಬೇಕು ಅಂತಲೂ ನೋಡಬೇಕು.


ಕಾಗದ ಪೆನ್ನು (ಸಂಡೂರು)

ನುಂಗಿದ್ದು ಹೌದು, ತಪ್ಪಾಯಿತು. ಸೈಕಲ್ ವಿಷಯವೂ ಒಪ್ಪಿದೆ.

ಟ್ರೆಡ್‌ಮಿಲ್ ಬೈಯಲು ಇರುವ ಒಂದೇ ಒಂದು ಐತಿಹಾಸಿಕ ಕಾರಣ ಬಿಡಲು ಮನಸ್ಸಿಲ್ಲ. 1818ರಲ್ಲಿ ವಿಲಿಯಂ ಕ್ಯೂಬಿಟ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಅದನ್ನು ಜೈಲಿನ ಕೈದಿಗಳಿಗೆ ಅಂತ ಮಾಡಿದ್ದು. ಮೆಟ್ಟಿಲಿರುವ ದೊಡ್ಡ ಚಕ್ರ, ಕೈದಿಗಳು ತುಳಿಯುತ್ತಲೇ ಇರಬೇಕು. ಶಿಕ್ಷೆ. ಈಗ ನಾವು ದುಡ್ಡು ಕೊಟ್ಟು ಪಾಳಿ ಹಚ್ಚುತ್ತೇವೆ.


ಮಾಳಿಗೆಮನೆ (ಬಳ್ಳಾರಿ) – ಎಂಟು ವಾರದ ನಂತರ

ವರದಿ ಒಪ್ಪಿಸಲು ಬಂದೆ.

ಮಣಿ ಹಗ್ಗ ತಂದೆ, ಕಂಕುಳ ಅಳತೆಗೆ ಗಂಟು ಹಾಕಿದೆ. ಮೊದಲ ಎರಡು ವಾರ ಗೋಡೆ ಹಿಡಿದು ಹಿಮ್ಮಡಿ ಎತ್ತಿದ್ದೇ ಎತ್ತಿದ್ದು. ಎಡಗಾಲಲ್ಲಿ ಒಂಬತ್ತಕ್ಕೇ ನಡುಗುತ್ತಿತ್ತು. ಆಮೇಲೆ 20–40ರ ಲೆಕ್ಕ. ಈಗ 30–30ರಲ್ಲಿ ಹದಿನೈದು ಸುತ್ತು, ವಾರಕ್ಕೆ ಮೂರು ದಿನ. ಎರಡು ದಿನ ಮುನ್ಸಿಪಲ್ ಕಾಲೇಜು ಮೈದಾನದಲ್ಲಿ ನಡಿಗೆ. ಜಿಮ್‌ಗೆ ವಾರಕ್ಕೆ ಎರಡು ಸಲ, ಡಂಬೆಲ್ಸ್ ಮಾತ್ರ. ಕೆಟ್ಟ ಟ್ರೆಡ್‌ಮಿಲ್ ಇನ್ನೂ ಕೆಟ್ಟೇ ಇದೆ, ಈಗ ಅದರ ಮೇಲೆ ಟವೆಲ್ ಒಣಗಿಸುತ್ತಾರೆ.

ಐದನೇ ವಾರ ಫಿಜಿಯೋ ಸರ್ ಹೇಳಿದ ಹಾಗೇ ಆಯಿತು. ಹುರುಪು ಬಂದು ನಾಲ್ಕು ದಿನ ಸತತ ಜಿಗಿದೆ. ಮೊಣಕಾಲಿನ ಕೆಳಗಿನ ಎಲುಬಿನ ಉದ್ದಕ್ಕೂ ನೋವು. ಬೆರಳಿಟ್ಟು ತೋರಿಸುವ ಹಾಗೆ ಇರಲಿಲ್ಲ, ಹಾಗಾಗಿ ಹತ್ತು ದಿನ ಬಿಟ್ಟೆ, ಹೋಯಿತು. ಓದಿಯೂ ಮಾಡಿದೆ ನೋಡಿ.

ನಿಲ್ಲಿಸದೆ ಹಾಕಿದ ದಾಖಲೆ 112. ಮಗಳು ಎಣಿಸಿದ್ದು, ಅವಳು 110 ಅನ್ನುತ್ತಾಳೆ. ತೂಕ 84ರಿಂದ 81. ಇದರಲ್ಲಿ ಹಗ್ಗದ ಪಾಲೆಷ್ಟೋ, ಬೆಳಿಗ್ಗೆ ಒಗ್ಗರಣೆ ಮಿರ್ಚಿ ಬಿಟ್ಟಿದ್ದರ ಪಾಲೆಷ್ಟೋ ಲೆಕ್ಕದವನಾದರೂ ಬಿಡಿಸಲು ಆಗುತ್ತಿಲ್ಲ. ಪೂರ್ತಿ ಬಿಟ್ಟಿಲ್ಲ, ಭಾನುವಾರ ಇದೆ. ರಕ್ತ ಪರೀಕ್ಷೆ ಇನ್ನೂ ಮಾಡಿಸಿಲ್ಲ, ಮುಂದಿನ ತಿಂಗಳು.

ಈಗ ಹೊಸ ಸಮಸ್ಯೆ. ಶಿವರಾತ್ರಿ ಮುಗಿಯಿತು, ಚಳಿ ಶಿವಶಿವಾ ಅಂತ ಹೋಯಿತು. ಸಂಜೆ ಏಳಕ್ಕೂ ಮಾಳಿಗೆ ಕಾದ ಹೆಂಚು. ದಿನವಿಡೀ ಕುಡಿದ ಬಿಸಿಲನ್ನು ಸಿಮೆಂಟು ರಾತ್ರಿ ಹತ್ತರವರೆಗೆ ಕಕ್ಕುತ್ತೆ. ಮೊನ್ನೆ ಎಂಟನೇ ಸುತ್ತಿಗೆ ತಲೆ ಗಿರ್ ಅಂದು ಕೂತೆ.


ರಾಯಚೂರು ಬಿಸಿಲು

ಬನ್ನಿ, ನಮ್ಮ ಸಂಘಕ್ಕೆ ಸ್ವಾಗತ. ಬೇಸಿಗೆ ಮತ್ತು ಕಡುಬೇಸಿಗೆ, ಎರಡೇ ಕಾಲ. ತಮಾಷೆ ಬಿಟ್ಟು ಹೇಳ್ತೀನಿ ಅಣ್ಣ, ತಲೆ ಗಿರ್ ಅಂದರೆ ಅವತ್ತಿಗೆ ಮುಗಿಯಿತು ಅಂತಲೇ ಅರ್ಥ, ಒಂಬತ್ತನೇ ಸುತ್ತು ಹಾಕಬಾರದು. ನೆರಳಿಗೆ ಹೋಗಿ ಕೂತು ನೀರು ಕುಡಿಯಬೇಕು, ಕತ್ತಿಗೆ ಒದ್ದೆ ಬಟ್ಟೆ ಹಾಕಬೇಕು. ನಲವತ್ತು ಡಿಗ್ರಿ ದಾಟಿದ ಮೇಲೆ ನಾನು ಸಂಜೆ ಆಟ ಪೂರ್ತಿ ಬಂದ್. ಬೆಳಿಗ್ಗೆ ಐದೂವರೆಯಿಂದ ಆರೂವರೆ, ಅಷ್ಟೇ. ಸುತ್ತು ಕಡಿಮೆ, ವಿರಾಮ ಜಾಸ್ತಿ. ಮುಗಿಸಿ ಬಂದು ಉಪ್ಪು ಹಾಕಿದ ಮಜ್ಜಿಗೆ ಒಂದು ಚೊಂಬು.


ಮಾಳಿಗೆಮನೆ (ಬಳ್ಳಾರಿ)

ಬೆಳಿಗ್ಗೆ ಐದೂವರೆಗೆ ಮಾಳಿಗೆ ಎಲ್ಲಿ ಖಾಲಿ ಇರುತ್ತೆ ಸ್ವಾಮಿ? ನೀರು ಚಿಮುಕಿಸಿ, ಚಾಪೆ ಹಾಸಿ, ನಮ್ಮ ಮನೆಯವರು, ಕೆಳಗಿನ ಮನೆಯವರು ಎಲ್ಲ ಅಲ್ಲೇ ಮಲಗಿರುತ್ತಾರೆ. ಆ ಅಜ್ಜಿಯೂ ಅಲ್ಲೇ, ನಡುಮಧ್ಯ. ಓಣಿಯಲ್ಲಿ ಜಿಗಿದರೆ ನಾಯಿಗಳು ಬೊಗಳುತ್ತವೆ.


ಎಸ್.ಎನ್. ಪೇಟೆ ಅಕ್ಕ (ಬಳ್ಳಾರಿ)

ಈಗ ಗೊತ್ತಾಯಿತಾ ಜಾಗದ ಕಷ್ಟ!


ಪಿ.ಟಿ. ಮಾಸ್ತರ್ (ನಿವೃತ್ತ, ಬಳ್ಳಾರಿ)

ಮೈದಾನಕ್ಕೆ ನಡೆಯಲು ಹೇಗೂ ಬರುತ್ತೀರಿ, ಹಗ್ಗ ಜೇಬಿನಲ್ಲಿಟ್ಟುಕೊಂಡು ಬನ್ನಿ. ಐದೂವರೆಗೆ ನಾನು ಬೇವಿನ ಮರದ ಹತ್ತಿರ ಇರುತ್ತೇನೆ, ಅಲ್ಲಿ ನೆಲ ಮೆತ್ತಗಿದೆ. ಕೆಂಪು ಧೂಳು ಏಳುತ್ತದೆ, ಒಂದು ಲೋಟ ನೀರು ಚಿಮುಕಿಸಿದರಾಯಿತು. ಮಗಳನ್ನೂ ಕರೆದುಕೊಂಡು ಬನ್ನಿ, 110ಓ 112ಓ ನಾನೇ ಎಣಿಸುತ್ತೇನೆ. ಅವಳ ಹಗ್ಗ ಅವಳಿಗೇ ಕೊಡಿ.